ಅತ್ತೆ ಮಲಗಿ ನೋಡಿದ ಚೀಲ

ಮೊನ್ನೆ ಸಂಜೆ ಪಕ್ಕದ ಮನೆಯ ಹುಡುಗಿ ವೀಣಾ ತನ್ನ ಫೋನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದಳು. ಹುಡುಗಿ ಎಂದೆನಲ್ಲ, ಆಕೆಗೆ ಶಾಲೆಗೆ ಹೋಗುವ ಮಗನಿದ್ದಾನೆ. ನನ್ನ ವಯಸ್ಸಿನವರಿಗೆ ತಲೆ ನರೆಯದವರೆಲ್ಲ ಹುಡುಗಿಯರೇ. ಮಗನನ್ನು ಶಾಲೆಯವರು ಎಲ್ಲೋ ಕಾಡಿಗೆ ಕರೆದುಕೊಂಡು ಹೋಗಿ ಡೇರೆಯಲ್ಲಿ ಮಲಗಿಸುತ್ತಾರಂತೆ. "ಆಂಟಿ, ಸ್ಲೀಪಿಂಗ್ ಬ್ಯಾಗ್ ತಗೋಬೇಕು. ಇದ್ರಲ್ಲಿ ಯಾವುದು ತಗೊಳ್ಳಲಿ, ನೋಡಿ ಹೇಳಿ" ಎಂದು ಪರದೆಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಒಂದರ ಮೇಲೆ ಡೈನೋಸಾರು, ಇನ್ನೊಂದರ ಮೇಲೆ ರಾಕೆಟ್ಟು. ಬೆರಳು ಆಡಿಸಿದಷ್ಟೂ ಚೀಲಗಳು ಬರುತ್ತಲೇ ಇದ್ದವು. ನನಗೆ ತಡೆಯಲಾರದಷ್ಟು ನಗು ಬಂತು. ಪಾಪ, ಆಕೆ ತಾನೇನೋ ತಪ್ಪು ಕೇಳಿದೆ ಎಂದುಕೊಂಡಳು.

ನಗು ಬಂದದ್ದು ಬೇರೆಯದಕ್ಕೆ. ಇದೇ ಮಂಡ್ಯದಲ್ಲಿ, ಎಪ್ಪತ್ತರ ದಶಕದಲ್ಲಿ, ಇಂಥ ಒಂದೇ ಒಂದು ಚೀಲಕ್ಕಾಗಿ ನಾನು ಮೂರು ಊರು ಅಲೆದಿದ್ದೆ. ಕೇಳಿದವರಲ್ಲಿ ಅರ್ಧ ಜನಕ್ಕೆ ಅದೇನೆಂದೇ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅಲೆಯಲು ಹೊರಟ ದಿನ ನನಗೂ ಗೊತ್ತಿರಲಿಲ್ಲ.

ಆಗ ನಾನು ಮಂಡ್ಯದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಈಗಿನವರಿಗೆ ಆ ಕೆಲಸವನ್ನು ವಿವರಿಸುವುದೇ ಕಷ್ಟ. ಫೋನು ಎತ್ತಿದರೆ ನಿಮಗೆ ಬೇಕಾದವರು ಸಿಗುತ್ತಿರಲಿಲ್ಲ. ಮೊದಲು ನಾನು ಸಿಗುತ್ತಿದ್ದೆ. ತಲೆಗೆ ಹೆಡ್‌ಸೆಟ್ಟು, ಎದುರಿಗೆ ತೂತುತೂತಿನ ಬೋರ್ಡು, ಕೈಯಲ್ಲಿ ಹುರಿಗಳು. ಮದ್ದೂರು ಬೇಕೆಂದವರಿಗೆ ಮದ್ದೂರು, ಮಳವಳ್ಳಿ ಬೇಕೆಂದವರಿಗೆ ಮಳವಳ್ಳಿ ಸಿಕ್ಕಿಸಿಕೊಡಬೇಕು. ಯಾರ ಮನೆಯಲ್ಲಿ ಮದುವೆ ನಿಶ್ಚಯವಾಯಿತು, ಯಾರ ಬೆಲ್ಲದ ಲಾರಿ ಎಲ್ಲಿ ಕೆಟ್ಟು ನಿಂತಿತು, ಎಲ್ಲವೂ ನನ್ನ ಕಿವಿಯ ಮೇಲೆಯೇ ಹಾಯಬೇಕು. ಕೇಳಿಸಿಕೊಳ್ಳಬಾರದು ಎಂಬುದು ನಿಯಮ. ಆದರೆ ಕಣ್ಣಿಗಿರುವಂತೆ ಕಿವಿಗೆ ರೆಪ್ಪೆ ಇಲ್ಲವಲ್ಲ, ಏನು ಮಾಡುವುದು?

ಆ ಕೆಲಸದಿಂದ ನನಗೆ ದಕ್ಕಿದ ದೊಡ್ಡ ಆಸ್ತಿಯೆಂದರೆ ಮುಖವಿಲ್ಲದ ಗೆಳತಿಯರು. ಮದ್ದೂರಿನ ಆಪರೇಟರ್ ಲಲಿತ ದಿನಕ್ಕೆ ಹತ್ತಾರು ಸಲ ನನ್ನ ಜೊತೆ ಮಾತಾಡುತ್ತಿದ್ದಳು. ಆಕೆಗೆ ನೆಗಡಿಯಾದರೆ ನನಗೆ ಮೊದಲು ಗೊತ್ತಾಗುತ್ತಿತ್ತು. ಆದರೆ ಆಕೆ ಕಪ್ಪೋ ಕೆಂಪೋ, ಕುಳ್ಳಿಯೋ ಉದ್ದವೋ ನಾನು ಕಂಡವಳಲ್ಲ. ದನಿ ಕೇಳಿ ನಾನು ಆಕೆಯನ್ನು ಬಡಕಲು ಹುಡುಗಿ ಎಂದೇ ನಂಬಿದ್ದೆ.

ಮನೆಯಲ್ಲಿ ನಾವು ನಾಲ್ವರು. ಯಜಮಾನರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬು ಅರೆಯುವ ಕಾಲದಲ್ಲಿ ಅವರು ಮನೆಗೆ ಬರುತ್ತಿದ್ದದ್ದೇ ನೆಂಟರ ಹಾಗೆ. ನಮ್ಮ ಅತ್ತೆ ಬಂಡೂರಿನ ಪಕ್ಕದ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಗದ್ದೆ, ಕುರಿ, ಕಬ್ಬಿನ ಗಾಣ ಎಲ್ಲ ಕಂಡು, ಕೊನೆಗೆ ಮಗನ ಜೊತೆ ಪೇಟೆಗೆ ಬಂದು, ಪೇಟೆಯನ್ನು ಒಂದು ದಿನವೂ ಮೆಚ್ಚಿಕೊಳ್ಳದೆ ಇದ್ದವರು. ನಾಲ್ಕನೆಯವಳು ಮಗಳು ಪ್ರಮೀಳ, ನಮ್ಮೆಲ್ಲರ ಪಮ್ಮಿ. ಆಗ ಮಾಧ್ಯಮಿಕ ಶಾಲೆ. ಕಡ್ಡಿಯಂಥ ಹುಡುಗಿ. ನೆಲದ ಮೇಲೆ ನಡೆದದ್ದಕ್ಕಿಂತ ಮರದ ಮೇಲೆ ಕುಳಿತದ್ದೇ ಹೆಚ್ಚು. ಊಟಕ್ಕೆ ಕರೆಯಬೇಕಾದರೆ ನಾವು ಮೇಲೆ ನೋಡಿಕೊಂಡೇ ಕೂಗುತ್ತಿದ್ದೆವು.

ಜಿಲ್ಲೆಯ ಶಾಲೆಗಳ ಮಕ್ಕಳನ್ನೆಲ್ಲ ಸೇರಿಸಿ ಕುಂತಿಬೆಟ್ಟ ಹತ್ತಿಸುವ ಪಂದ್ಯವೊಂದು ಆ ವರ್ಷ ನಡೆಯಿತು. ಪಮ್ಮಿ ಹುಡುಗರನ್ನೂ ಹಿಂದೆ ಹಾಕಿ ಮೊದಲಿಗಳಾಗಿ ತುದಿ ಮುಟ್ಟಿದಳು. ಮುಟ್ಟಿದ್ದಲ್ಲದೆ, ಉಳಿದವರು ಬರುವುದು ತಡವಾಯಿತೆಂದು ಅರ್ಧಕ್ಕೆ ಇಳಿದು ಹೋಗಿ ಅವರನ್ನು ಕರೆದುಕೊಂಡು ಮತ್ತೆ ಹತ್ತಿದಳಂತೆ. ಕೆಲವು ದಿನಗಳಾದ ಮೇಲೆ ನನ್ನ ಬೋರ್ಡಿನಲ್ಲಿ ಶಾಲೆಯ ದೀಪ ಹತ್ತಿಕೊಂಡಿತು. "ನಂಬರ್ ಪ್ಲೀಸ್" ಎಂದೆ.

"ನಂಬರ್ ಬೇಡಮ್ಮ, ನೀವೇ ಬೇಕು" ಎಂದರು ಹೆಡ್‌ಮಿಸ್ಸು. ಬೇಸಿಗೆ ರಜೆಯಲ್ಲಿ ಹಿಮಾಲಯದ ತಪ್ಪಲಲ್ಲಿ ಮಕ್ಕಳ ಶಿಬಿರ. ನಮ್ಮ ಜಿಲ್ಲೆಯಿಂದ ಆಯ್ಕೆಯಾದ ಹುಡುಗಿ ಪಮ್ಮಿ ಒಬ್ಬಳೇ. ಮೇಷ್ಟರೊಬ್ಬರು, ಅವರ ಹೆಂಡತಿ, ಬೇರೆ ಜಿಲ್ಲೆಯ ಮಕ್ಕಳು ಎಲ್ಲ ಜೊತೆಗಿರುತ್ತಾರೆ. ರೈಲು, ಊಟ, ಡೇರೆ ಎಲ್ಲ ಅವರದೇ. "ಆದರೆ ನೋಡಿ, ಪ್ರತಿ ಮಗುವೂ ತನ್ನ ಅಳತೆಯ ಸ್ಲೀಪಿಂಗ್ ಬ್ಯಾಗು ತಾನೇ ತರಬೇಕಂತೆ. ಅದಿಲ್ಲದೆ ಮೇಲಕ್ಕೆ ಕರ್ಕೊಂಡು ಹೋಗಲ್ಲ ಅಂತ ಖಡಾಖಂಡಿತ ಹೇಳಿದಾರೆ. ನಿಮ್ಮ ಹತ್ತಿರ ಇದೆಯಾ?"

"ಇದೆ ಇದೆ" ಎಂದುಬಿಟ್ಟೆ. ಮಗಳು ಹಿಮಾಲಯಕ್ಕೆ ಹೋಗುತ್ತಾಳೆಂದು ಕೇಳಿದ ತಾಯಿ ಆ ಗಳಿಗೆಯಲ್ಲಿ ಆನೆ ಇದೆಯಾ ಎಂದು ಕೇಳಿದ್ದರೂ ಇದೆ ಎನ್ನುತ್ತಿದ್ದಳು.

ಮನೆಗೆ ಬಂದು ಸುದ್ದಿ ಹೇಳಿದೆ. ಪಮ್ಮಿ ಕುಣಿದಾಡಿದಳು. ಅತ್ತೆ ಅಕ್ಕಿ ಕೇರುತ್ತಿದ್ದವರು ಮೊರ ಕೆಳಗಿಟ್ಟರು.

"ಅಲ್ಲಿ ಮಂಜ್ ಬೀಳ್ತದಂತಲ್ಲಮ್ಮಿ?"

"ಬೀಳ್ತದಂತೆ ಅತ್ತೆ."

"ನೆಲದ್ ಮೇಲೆ ಬಿದ್ದು ಅಂಗೇ ಗಟ್ಟಿಯಾಯ್ತದಂತಲ್ಲ?"

"ಹೌದಂತೆ."

"ಅಂತಾ ಕಡೀಕೆ ಮಗೀನ ಕಳ್ಸಾಕೆ ಒಂಟಿದ್ದೀಯಲ್ಲ, ನಿಂಗೇನ್ ತಲೆ ಕೆಟ್ಟದಾ?" ಎಂದವರು ಮೊರವನ್ನು ಅಲ್ಲೇ ಬಿಟ್ಟು ಹಿತ್ತಿಲಿಗೆ ಹೋಗಿ ಕುಳಿತರು.

ಎಲ್ಲ ಅತ್ತೆಯರೂ ಹೆಣ್ಣುಮಕ್ಕಳನ್ನು ಹೊರಗೆ ಕಳಿಸುವ ಮಾತು ಬಂದರೆ ಹೀಗೇ ಅನ್ನುತ್ತಾರೆಂದು ನೀವು ಅಂದುಕೊಳ್ಳಬಹುದು. ನಮ್ಮ ಅತ್ತೆಯ ಕಥೆ ಬೇರೆ. ಅವರಿಗೆ ನಮ್ಮ ಯಜಮಾನರಿಗಿಂತ ಮುಂಚೆ ಒಬ್ಬಳು ಮಗಳಿದ್ದಳು, ಕೆಂಪಿ ಎಂದು. ಪಮ್ಮಿಯ ವಯಸ್ಸಿನಲ್ಲಿ, ನಾಟಿಯ ಕಾಲದಲ್ಲಿ, ಗದ್ದೆಗೆ ಬುತ್ತಿ ಹೊತ್ತುಕೊಂಡು ಹೋದವಳು ಮಳೆಯಲ್ಲಿ ನೆನೆದಳು. ತಲೆಯ ಮೇಲೆ ಹಾಕಿಕೊಳ್ಳಲು ಕಂಬಳಿಯ ಗೊಪ್ಪೆ ಇತ್ತು. ಮೋಡವಿಲ್ಲವೆಂದು ಮನೆಯಲ್ಲೇ ಬಿಟ್ಟು ಹೋಗಿದ್ದಳು. ಸಂಜೆಗೆ ನಡುಕ ಹತ್ತಿತು. ಆ ಚಳಿಜ್ವರದಿಂದ ಅವಳು ಮತ್ತೆ ಏಳಲಿಲ್ಲ. ಇದನ್ನು ನಮ್ಮ ಯಜಮಾನರು ಮದುವೆಯಾದ ಹೊಸತರಲ್ಲಿ ಒಮ್ಮೆ ಹೇಳಿದ್ದರು. ಅತ್ತೆಯ ಬಾಯಿಂದ ಆ ಹೆಸರನ್ನು ನಾನು ಕೇಳಿರಲಿಲ್ಲ. ಆದರೆ ಪಮ್ಮಿ ಸ್ನಾನ ಮಾಡಿ ಬಂದರೆ ತಲೆ ಒಣಗುವವರೆಗೂ ಅವರು ಟವೆಲು ಹಿಡಿದು ಹಿಂದೆಯೇ ತಿರುಗುತ್ತಿದ್ದುದು ಯಾಕೆಂದು ನನಗೆ ಗೊತ್ತಿತ್ತು.

ಹಾಗಾಗಿ ನಾನು ಜಗಳವಾಡಲಿಲ್ಲ. ಹಿತ್ತಿಲಿಗೆ ಹೋಗಿ ಪಕ್ಕದಲ್ಲಿ ಕುಳಿತೆ. "ಅತ್ತೆ, ಚಳಿ ತಡೆಯೋಕಂತಲೇ ಒಂದು ಚೀಲ ಬರ್ತದಂತೆ. ಒಳಗೆ ಸೇರ್ಕೊಂಡು ಮಲಗೋದು. ಅದು ಸಿಕ್ಕಿದ್ರೆ ಕಳ್ಸೋಣ. ಸಿಗದಿದ್ರೆ ಬೇಡ" ಎಂದೆ.

ಅವರು ಸೆರಗು ಕೊಡವಿಕೊಂಡು ಎದ್ದರು. "ಸಿಗ್ಲಿ. ಸಿಕ್ಕಿದ್ ಮ್ಯಾಲೆ ನಾನ್ ನೋಡ್ತೀನಿ. ನನ್ ಮನ್ಸಿಗ್ ಬಂದ್ರೆ ಮಾತ್ರ" ಎಂದರು.

ಮಂಡ್ಯದ ಪೇಟೆಬೀದಿಯಲ್ಲಿ ಕೇಳಿಕೊಂಡು ಹೊರಟೆವು. ಹಾಸಿಗೆ ಅಂಗಡಿಯವನು ದಿಂಬಿನ ಚೀಲ ತೋರಿಸಿದ. ಪಾತ್ರೆ ಅಂಗಡಿಯವನಿಗೆ ನಾನು ಏನು ಕೇಳಿದೆನೆಂದು ಕೇಳಿಸಿತೋ, ಬಿಸಿನೀರಿನ ರಬ್ಬರು ಚೀಲ ತಂದಿಟ್ಟ. ಟ್ರಂಕು, ಸೂಟ್‌ಕೇಸು ಮಾರುವ ಅಂಗಡಿಯ ಶೆಟ್ಟರು ಮಾತ್ರ ಧೈರ್ಯವಾಗಿ, "ಇದೇ ಅಲ್ವೇನಮ್ಮ ಸ್ಲೀಪಿಂಗ್ ಬ್ಯಾಗು? ಮಿಲ್ಟ್ರಿಯೋರೆಲ್ಲ ಇದೇ ಒಯ್ಯೋದು" ಎಂದು ಒಂದು ಹೋಲ್ಡಾಲು ಬಿಚ್ಚಿ ಹಾಸಿದರು. ರೈಲಿನ ಪ್ರಯಾಣದಲ್ಲಿ ಹಾಸಿಗೆ ಸುತ್ತಿ ಬೆಲ್ಟು ಬಿಗಿಯುವ ಕ್ಯಾನ್‌ವಾಸು. ಪಮ್ಮಿ ಅದರ ಮೇಲೆ ಮಲಗಿದಳು. ಶೆಟ್ಟರು ಎರಡೂ ಕಡೆಯಿಂದ ಮಡಚಿ ಬೆಲ್ಟು ಹಾಕಿದರು. ಬೆಲ್ಟಿನ ನಡುವಿನಿಂದ ಅವಳ ಮುಖ ಹಣಕುತ್ತಿತ್ತು.

"ತೆಗೀರಪ್ಪ, ಎಣ ಕಟ್ದಂಗ್ ಕಟ್ಬುಟ್ರಲ್ಲ ಮಗೀನ!" ಎಂದು ಅತ್ತೆ ಕೂಗಿದ ಕೂಗಿಗೆ ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲೊಂದು ನಿಂತಿತು.

ಮಾರನೆಯ ದಿನ ಬಿಡುವಿನಲ್ಲಿ ಗೆಳತಿಯರನ್ನು ವಿಚಾರಿಸಿದೆ. ಬೆಂಗಳೂರಿನ ಆಪರೇಟರ್ ಎರಡು ದಿನ ಬಿಟ್ಟು ಹೇಳಿದಳು: ಒಂದು ಅಂಗಡಿಯಲ್ಲಿ ಇದೆ, ಆದರೆ ಎಲ್ಲ ದೊಡ್ಡವರ ಅಳತೆಯವು, ಮಕ್ಕಳದ್ದು ಬೇಕೆಂದದ್ದಕ್ಕೆ ಅಂಗಡಿಯವರು ನಕ್ಕರು. ಲಲಿತ ಮಾತ್ರ ಅರ್ಧ ಗಂಟೆಯಲ್ಲಿ ತಿರುಗಿ ಲೈನಿಗೆ ಬಂದಳು. "ಲೇ ಮಂಡ್ಯ, ಸಿಕ್ತು ಕಣೆ! ನಮ್ಮ ಮದ್ದೂರಲ್ಲಿ ಒಬ್ರು ಸುಬೇದಾರ್ರು ಅವ್ರೆ, ರಿಟೈರಾಗಿರೋರು. ಅವರತ್ರ ಅಸಲಿದೇ ಐತಂತೆ. ಭಾನುವಾರ ಮಗೀನ ಕರ್ಕೊಂಡ್ ಬಾ ಅಂದವ್ರೆ."

ಸುಬೇದಾರರ ಮನೆ ಶಿಂಷಾ ಹೊಳೆಯ ಕಡೆಗಿತ್ತು. ದೊಡ್ಡ ಮೀಸೆ, ಸಣ್ಣ ದನಿ. ಪೆಟ್ಟಿಗೆಯ ತಳದಿಂದ ಹಸಿರು ಬಣ್ಣದ ಚೀಲ ತೆಗೆದು, ಮಗುವನ್ನು ಮಲಗಿಸುವ ಹಾಗೆ ಚಾಪೆಯ ಮೇಲೆ ಹಾಸಿದರು. ಕೊನೆಗೂ ನಾನು ಸ್ಲೀಪಿಂಗ್ ಬ್ಯಾಗನ್ನು ಕಣ್ಣಾರೆ ಕಂಡೆ. ಪಮ್ಮಿ ಅದರೊಳಗೆ ಜಾರಿದಳು. ಜಾರಿದವಳು ಕಾಣಲೇ ಇಲ್ಲ. ಒಳಗೆಲ್ಲೋ "ಅವ್ವಾ" ಎಂದು ಕೇಳಿಸಿತು. ಆಮೇಲೆ ಸೀನು. ಹೊರಗೆ ಬಂದಾಗ ಕೂದಲ ತುಂಬ ಪುಕ್ಕ.

"ಕೋಳಿ ಪುಕ್ಕ ತುಂಬವ್ರೆ ಕಣಮ್ಮಿ" ಎಂದರು ಅತ್ತೆ.

"ಬಾತುಕೋಳೀದು ಕಣಮ್ಮ" ಎಂದು ಸುಬೇದಾರರು ತಿದ್ದಿದರು. ಚೀಲ ಕೊಡಲು ಅವರು ಮನಸಾರೆ ಸಿದ್ಧರಿದ್ದರು. ಆದರೆ ಪಮ್ಮಿಯನ್ನೂ ಚೀಲವನ್ನೂ ಒಂದೆರಡು ಸಲ ನೋಡಿ ತಾವೇ ತಲೆ ಆಡಿಸಿದರು. "ಇಲ್ಲಮ್ಮ, ಇದು ಬ್ಯಾಡ. ಚೀಲ ಕಾವು ಕೊಡಾಕಿಲ್ಲ. ನಮ್ ಮೈ ಕಾವ್ನ ಇಡ್ಕೊಂತದೆ ಅಷ್ಟೇಯ. ಈಟು ದೊಡ್ ಚೀಲದಲ್ಲಿ ಈಟು ಸಣ್ ಮಗ ಮಲಗಿದ್ರೆ, ಆ ಖಾಲಿ ಜಾಗ ಬೆಚ್ಚಗ್ ಮಾಡಾದ್ರಲ್ಲೇ ಮಗೀನ ಕಾವೆಲ್ಲ ಓಗ್ಬುಡ್ತದೆ. ಇವಳ ಅಳ್ತೇಗೇ ಒಂದ್ ಮಾಡ್ಸಿ" ಎಂದು, ಹೇಗಿರಬೇಕೆಂದು ತೋರಿಸಿಕೊಟ್ಟರು. ಭುಜದ ಹತ್ತಿರ ಅಗಲ, ಕಾಲಿನ ಕಡೆಗೆ ಕಿರಿದು, ತಲೆಗೆ ಮುಚ್ಚಿಗೆ.

ವಾಪಸು ಬರುವಾಗ ಬಸ್ಸಿನಲ್ಲಿ ನಾನೂ ಪಮ್ಮಿಯೂ ತಲೆ ಕೆಡಿಸಿಕೊಂಡು ಕುಳಿತಿದ್ದೆವು. ಅಳತೆಗೆ ಮಾಡಿಸುವುದು ಎಂದರೆ ಯಾರಿಂದ, ಯಾವುದರಿಂದ? ಗೆಜ್ಜಲಗೆರೆ ದಾಟಿದ ಮೇಲೆ ಅತ್ತೆ ಬಾಯಿ ಬಿಟ್ಟರು.

"ಅದ್ರಾಗೇನಮ್ಮಿ ಅದೆ? ಕಂಬಳೀಲಿ ಒಲೆಯಾದಪ್ಪ."

ನಾನು ತಿರುಗಿ ನೋಡಿದೆ. ಬೇಡವೇ ಬೇಡ ಎಂದಿದ್ದವರು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಾ, ಬೆರಳಲ್ಲಿ ತೊಡೆಯ ಮೇಲೆ ಏನೋ ಅಳೆಯುತ್ತಿದ್ದರು. ನಾನು ಉಸಿರೆತ್ತಲಿಲ್ಲ. ಎತ್ತಿದ್ದರೆ ಮನಸ್ಸು ಬದಲಾಯಿಸಿಬಿಡುತ್ತಿದ್ದರೇನೋ.

ಮುಂದಿನ ಸಂತೆಗೆ ಮಳವಳ್ಳಿಗೆ ಹೋದೆವು. ಬಂಡೂರು ಕುರಿ ಎಂದರೆ ನಮ್ಮ ಕಡೆಯವರಿಗೆಲ್ಲ ಬಾಯಲ್ಲಿ ನೀರೂರುತ್ತದೆ. ಅದರ ಮೈಮೇಲೆ ಉಣ್ಣೆಯೂ ಇದೆ ಎಂಬ ನೆನಪು ಯಾರಿಗೂ ಬರುವುದಿಲ್ಲ. ಅತ್ತೆಗೆ ಬಂತು. ಕಂಬಳಿ ಮಾರುವವರ ಸಾಲಿನಲ್ಲಿ ಅವರು ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಹಾಗೆ ಓಡಾಡಿದರು. ಒಂದನ್ನು ಕೆನ್ನೆಗೆ ಉಜ್ಜಿ, "ಚುಚ್ತದೆ" ಎಂದು ಬಿಟ್ಟರು. ಇನ್ನೊಂದನ್ನು ಬಿಸಿಲಿಗೆ ಹಿಡಿದು, "ಇದ್ರಲ್ಲಿ ರಾಗಿ ಜರಡಿ ಆಡ್ಬೋದು" ಎಂದರು. ಮಾರುವವನಿಗೆ ಕೋಪ ಬಂತು.

"ನಿಮ್ಗೆ ಎಂತಾದ್ ಬೇಕು ಅಂತಾರ ಏಳಮ್ಮೋ!"

"ಮರಿಗಳ ಮೊದಲ್ನೇ ಉಣ್ಣೇದ್ ಕೊಡಪ್ಪ. ಇಮಾಲಯಕ್ ಓಯ್ತದೆ."

"ಯಾರು, ನೀವಾ?"

"ನಾನ್ಯಾಕ್ ಓಗ್ಲಿ? ನನ್ ಮೊಮ್ಮಗ್ಳು."

ಅವನು ಪಮ್ಮಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗಂಟಿನ ಅಡಿಯಿಂದ ಒಂದು ಕರಿಯ ಕಂಬಳಿ ಎಳೆದ. ಅತ್ತೆ ಅದರ ನಾಲ್ಕು ಮೂಲೆಯನ್ನು ನಮ್ಮ ಕೈಯಲ್ಲಿ ಹಿಡಿಸಿ, ನಡುವಿನ ಗುಣಿಗೆ ಚೊಂಬಿನ ನೀರು ಸುರಿದರು. ನಾವು ಹಿಡಿದು ನಿಂತೆವು. ಸಂತೆಯ ಜನ ಸುತ್ತ ಸೇರಿದರು. ಒಂದು ಹನಿಯೂ ಕೆಳಗೆ ಬೀಳಲಿಲ್ಲ. "ಇಂಗಿರ್ಬೇಕು" ಎಂದರು ಅತ್ತೆ. ಅಂಥವೇ ಎರಡು ಕಂಬಳಿ ಹೊತ್ತು ಮಂಡ್ಯಕ್ಕೆ ಬಂದೆವು.

ನಮ್ಮ ಬೀದಿಯ ದರ್ಜಿ ಮೊದಲ ಹೊಲಿಗೆಗೇ ಸೂಜಿ ಮುರಿದುಕೊಂಡು ಕೈಮುಗಿದ. ಕೊನೆಗೆ ಗೋಣಿಚೀಲ ಹೊಲಿಯುವ ದಬ್ಬಣ ಹಿಡಿದು ಅತ್ತೆಯೇ ಕುಳಿತರು. ಪಮ್ಮಿಯನ್ನು ಕಂಬಳಿಯ ಮೇಲೆ ಮಲಗಿಸಿ ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದರು. ಉಣ್ಣೆ ಮೈಗೆ ತಾಗದಂತೆ ಒಳಗೆ ನನ್ನ ಮೆತ್ತನೆಯ ಹತ್ತಿ ಸೀರೆ, ಹೊರಗೆ ನೀರು ಜಾರಲು ಛತ್ರಿ ಬಟ್ಟೆ. ನಾನು ಜಿಪ್ಪು ತಂದೆ. "ಅದು ಕಚ್ಕಂಡ್ರೆ ಮಗ ಒಳಗೇ ಸಿಕ್ಕಾಕಂತದೆ" ಎಂದು ಬದಿಗಿಟ್ಟು, ಯಜಮಾನರ ಹಳೆಯ ಕೋಟಿನ ಗುಂಡಿಗಳನ್ನು ಕಿತ್ತು ಹಾಕಿದರು. ಯಜಮಾನರು ಕೋಟು ಹುಡುಕಿದಾಗ ನಾವಿಬ್ಬರೂ ಕೇಳಿಸದವರಂತೆ ಇದ್ದೆವು. ಇಷ್ಟು ಭಾರವನ್ನು ಮಗು ಬೆಟ್ಟಕ್ಕೆ ಹೊರುವುದು ಹೇಗೆಂದು ಹೆಡ್‌ಮಿಸ್ಸನ್ನು ಕೇಳಿದೆ. ಅಲ್ಲಿ ಸಾಮಾನನ್ನೆಲ್ಲ ಹೇಸರಗತ್ತೆಗಳು ಹೊರುತ್ತವೆಂದರು. ಮನಸ್ಸು ಹಗುರವಾಯಿತು.

ಚೀಲ ಸಿದ್ಧವಾಯಿತು. ಪಮ್ಮಿ ಒಳಗೆ ಸೇರಿ, "ಬೆಚ್ಚಗದೆ ಅಜ್ಜಿ!" ಎಂದು ಕೂಗಿದಳು.

"ಮಂಡ್ಯದ ಬ್ಯಾಸ್ಗೇಲಿ ಬರೀ ಮೈಯಲ್ ಮಲಗಿದ್ರೂ ಬೆಚ್ಚಗೇ ಇರ್ತದೆ. ಇದೊಂದ್ ಪರೀಕ್ಸೆಯಾ?" ಎಂದರು ಅತ್ತೆ. ಮತ್ತೆ ಯೋಚನೆಗೆ ಬಿದ್ದರು. ಸಂಜೆ ಬೀದಿಯಲ್ಲಿ ಐಸ್‌ಕ್ಯಾಂಡಿಯ ಗಂಟೆ ಕೇಳಿಸಿತು. "ಅಮ್ಮಿ, ಈ ಐಸ್ ಅಂತಾರಲ್ಲ, ಇಮಾಲಯದಲ್ಲಿರೋದೂ ಇದೇ ಅಲ್ವಾ? ಇದ್ನ ಎಲ್ ಮಾಡ್ತಾರೆ?"

ಮದ್ದೂರಿನಲ್ಲಿ ಒಂದು ಐಸ್ ಫ್ಯಾಕ್ಟರಿ ಇತ್ತು. ಅದರ ಯಜಮಾನರು ದಿನವೂ ಬೆಂಗಳೂರಿಗೆ ಟ್ರಂಕ್ ಕಾಲ್ ಹಾಕುತ್ತಿದ್ದುದರಿಂದ ಅವರ ದನಿ ನನಗೂ ನನ್ನ ದನಿ ಅವರಿಗೂ ಚೆನ್ನಾಗಿ ಗೊತ್ತಿತ್ತು. ಲಲಿತಳ ಮೂಲಕ ಕೇಳಿಸಿದೆ. ಮೊದಲು ಅವರು ಇದು ಯಾವುದೋ ಹೆಂಗಸಿನ ಹುಡುಗಾಟ ಎಂದುಕೊಂಡರು. ಆಮೇಲೆ, "ಬನ್ನಿ, ಆದರೆ ಮಧ್ಯಾಹ್ನ ಲೋಡು ಹೋದ ಮೇಲೆ" ಎಂದರು.

ಫ್ಯಾಕ್ಟರಿಯ ಬಾಗಿಲಲ್ಲಿ ಒಬ್ಬ ಎತ್ತರದ, ದಪ್ಪ ಹೆಂಗಸು ನಿಂತಿದ್ದಳು. "ಬಂದ್ಯಾ ಮಂಡ್ಯ?" ಎಂದಳು. ಆ ಆನೆಗಾತ್ರದ ದೇಹದಿಂದ ಲಲಿತಳ ಗುಬ್ಬಚ್ಚಿ ದನಿ ಹೊರಟದ್ದನ್ನು ಕೇಳಿ ನಾನು ದಂಗಾಗಿ ನಿಂತೆ. ಆಕೆಯೂ ನನ್ನನ್ನು ಮೇಲೆ ಕೆಳಗೆ ನೋಡಿ, "ನೀನು ಇನ್ನೂ ಬೆಳ್ಳಗಿರ್ತೀಯ ಅನ್ಕೊಂಡಿದ್ದೆ" ಎಂದಳು. ತಬ್ಬಿಕೊಂಡು ನಕ್ಕೆವು.

ಐಸ್ ಇಡುವ ಕೋಣೆ ಕಿಟಕಿಯಿಲ್ಲದ್ದು. ದಪ್ಪ ಬಾಗಿಲು ತೆಗೆದರೆ ಬೇಸಿಗೆಯ ನಡುಮಧ್ಯಾಹ್ನದಲ್ಲೂ ಬಾಯಿಂದ ಹೊಗೆ. ಭತ್ತದ ಹೊಟ್ಟಿನೊಳಗೆ ಶವಪೆಟ್ಟಿಗೆಯಷ್ಟು ಉದ್ದದ ಗಡ್ಡೆಗಳು. ಪಮ್ಮಿ ಚೀಲದೊಳಗೆ ಹೋಗಲು ಚಪ್ಪಲಿ ಬಿಟ್ಟಳು. ಅತ್ತೆ ಅವಳ ರಟ್ಟೆ ಹಿಡಿದು ನಿಲ್ಲಿಸಿದರು.

"ನೀನ್ ನಿಂತ್ಕ. ನಾನ್ ಓಗ್ತೀನಿ."

"ಅತ್ತೆ, ಇದು ಮಗುವಿನ ಅಳತೇದು!"

"ನಾನೇನ್ ಅವಳಿಗಿಂತ ಉದ್ದ ಇವ್ನಾ?" ಎಂದರು. ನಿಜವೇ. ಬಾಗಿ ಬಾಗಿ ಅವರೂ ಪಮ್ಮಿಯಷ್ಟೇ ಆಗಿದ್ದರು. ನಾನು ಅದುವರೆಗೆ ಗಮನಿಸಿರಲಿಲ್ಲ.

ಫ್ಯಾಕ್ಟರಿ ಯಜಮಾನರು ಓಡಿ ಬಂದರು. "ಅಜ್ಜೀ, ಏನಾರ ಹೆಚ್ಚುಕಮ್ಮಿ ಆದ್ರೆ ನನ್ ತಲೆಗ್ ಬತ್ತದೆ! ವಸಿ ತಡೀರಿ, ಕೆಳಗೆ ಗೋಣಿಚೀಲ ಆಕ್ಸ್ತೀನಿ."

"ಬ್ಯಾಡ. ಇಮಾಲಯದಲ್ಲಿ ಗೋಣಿಚೀಲ ಆಸಿರ್ತಾರಾ?" ಎಂದ ಅತ್ತೆ, ಐಸ್ ಗಡ್ಡೆಯ ಮೇಲೆಯೇ ಚೀಲ ಹಾಸಿಸಿ, ಸೀರೆ ಸರಿ ಮಾಡಿಕೊಂಡು ಒಳಗೆ ಸೇರಿದರು. ಪಮ್ಮಿ ಗುಂಡಿ ಹಾಕಿದಳು. "ಬಾಗ್ಲಾಕ್ಕಳಿ" ಎಂದಿತು ಒಳಗಿನ ದನಿ.

ಹೊರಗೆ ನಿಂತ ನಮಗೆ ಹೊತ್ತು ಹೋಗಲೊಲ್ಲದು. ಲಲಿತ ನನ್ನ ಕೈ ಹಿಡಿದುಕೊಂಡಿದ್ದಳು. ಕೆಲಸದವರೆಲ್ಲ ಕೆಲಸ ಬಿಟ್ಟು ಬಂದು ಬಾಗಿಲಿನ ಸುತ್ತ ನಿಂತರು. ಕೊನೆಗೆ ಫ್ಯಾಕ್ಟರಿ ಯಜಮಾನರೇ ತಾಳಲಾರದೆ ಬಾಗಿಲು ತೆಗೆಸಿದರು.

ಅತ್ತೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು. ನಾನು ಬಗ್ಗಿ ಕೆನ್ನೆ ಮುಟ್ಟಿದೆ. ತಣ್ಣಗಿತ್ತು, ಒದ್ದೆಯೂ ಆಗಿತ್ತು.

"ಎದೆ ಬೆಚ್ಚಗದೆ" ಎಂದರು ಮೆಲ್ಲಗೆ. "ಕಾಲು ತಣ್ಣಗಾಯ್ತದೆ. ಚಳಿ ಮ್ಯಾಲಿಂದ ಬರಾಕಿಲ್ಲ ಕಣಮ್ಮಿ, ಕೆಳಗಿಂದ ಬತ್ತದೆ. ತಲೆಗೂ ಸಾಲ್ದು." ಯಾರನ್ನೂ ನೋಡದೆ, "ಕೆಂಪೀಗೆ ತಲೇನೇ ಮೊದ್ಲು ನೆಂದಿದ್ದು. ಗೊಪ್ಪೆ ಇದ್ದಿದ್ರೆ ಉಳ್ಕತಿದ್ಲು" ಎಂದರು.

ಅಷ್ಟು ವರ್ಷಗಳಲ್ಲಿ ಆ ಹೆಸರು ಅವರ ಬಾಯಿಂದ ಬಂದದ್ದು ಅದೇ ಮೊದಲು. ನಾನೂ ಲಲಿತಳೂ ಅವರನ್ನು ಎಬ್ಬಿಸಿ ಬಿಸಿಲಿಗೆ ತಂದು ಕೂರಿಸಿದೆವು. ಪಮ್ಮಿ ಅವರ ಕಾಲನ್ನು ಮಡಿಲಲ್ಲಿಟ್ಟುಕೊಂಡು ಉಜ್ಜಿದಳು. ಅವಳ ಮುಖ ಬಾಡಿತ್ತು. "ಚೀಲ ಫೇಲಾಯ್ತಾ ಅಜ್ಜಿ? ನಾನು ಹೋಗೋ ಹಂಗಿಲ್ವಾ?"

"ಯಾಕ್ ಫೇಲಾಯ್ತದೆ?" ಎಂದು ಅತ್ತೆ ರೇಗಿದರು. "ಎಲ್ಲಿ ತೂತದೆ ಅಂತ ಗೊತ್ತಾಯ್ತಲ್ಲ, ಮುಚ್ಚುದ್ರಾಯ್ತು!"

ಆ ವಾರವೆಲ್ಲ ಅವರು ದಬ್ಬಣ ಕೆಳಗಿಡಲಿಲ್ಲ. ಬೆನ್ನಿನ ಕೆಳಗೆ ಇನ್ನೊಂದು ಪದರ. ಕಾಲಿಗೆ ಚೀಲದೊಳಗೇ ಒಂದು ಪುಟ್ಟ ಚೀಲ. ತಲೆಗೆ, ಕಂಬಳಿಯನ್ನು ಮಡಚಿ ಮಡಚಿ, ಮುಖವಷ್ಟೇ ಕಾಣುವಂಥ ಗೊಪ್ಪೆ. ಆ ಗೊಪ್ಪೆಯನ್ನು ಅವರು ಹೊಲಿದು ಬಿಚ್ಚಿ, ಮತ್ತೆ ಹೊಲಿದರು. ನಾನು ಸೂಜಿಗೆ ದಾರ ಪೋಣಿಸಿಕೊಡುವುದನ್ನು ಬಿಟ್ಟು ಏನೂ ಮಾಡಲಿಲ್ಲ.

ಮತ್ತೆ ಮದ್ದೂರಿಗೆ ಹೋದಾಗ ಸುದ್ದಿ ಹರಡಿತ್ತು. ಫ್ಯಾಕ್ಟರಿಯ ಮುಂದೆ ಜನ. ಸುಬೇದಾರರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಚೀಲವನ್ನು ತಿರುಗಿಸಿ ನೋಡಿ, ಕಾಲಿನ ಪದರದೊಳಗೆ ಕೈ ಹಾಕಿ, "ಸಭಾಸ್" ಎಂದರು. ಅತ್ತೆ ಮೊದಲಿನಂತೆಯೇ ಒಳಗೆ ಸೇರಿದರು. ಬಾಗಿಲು ಮುಚ್ಚಿತು. ಈ ಸಲ ಮೊದಲಿಗಿಂತ ಹೆಚ್ಚು ಹೊತ್ತು ಕಾದೆವು. ಬಾಗಿಲು ತೆಗೆದು "ಅತ್ತೆ" ಎಂದೆ. ಉತ್ತರವಿಲ್ಲ. "ಅತ್ತೆ!" ಎಂದೆ ಗಾಬರಿಯಿಂದ. ಉತ್ತರವಿಲ್ಲ. ಲಲಿತ "ಸಿವ್ನೇ" ಎಂದು ಎದೆ ಹಿಡಿದುಕೊಂಡಳು. ಪಮ್ಮಿ ಎಲ್ಲರನ್ನೂ ತಳ್ಳಿ ಮುಂದೆ ಹೋಗಿ, ಗೊಪ್ಪೆಗೆ ಕಿವಿಯಿಟ್ಟು, ತಿರುಗಿ ಹಲ್ಲು ಬಿಟ್ಟಳು.

"ಅವ್ವಾ, ಗೊರಕೆ ಹೊಡೀತಾವ್ಳೆ!"

ಮದ್ದೂರಿನ ಆ ಐಸ್ ಫ್ಯಾಕ್ಟರಿಯಲ್ಲಿ ಎದ್ದ ನಗು ಬಹುಶಃ ಸ್ಟೇಷನ್ನಿಗೂ ಕೇಳಿಸಿರಬೇಕು. ಎಬ್ಬಿಸಿದರೆ ಅತ್ತೆಗೆ ಸಿಟ್ಟು. ಹಣೆಯ ಮೇಲೆ ಬೆವರಿನ ಹನಿ. ಸುಬೇದಾರರು ಆ ಹನಿಯನ್ನು ಬೆರಳಿಂದ ತೋರಿಸಿ, ಅಟೆನ್ಷನ್ನಿಗೆ ನಿಂತು ನಮ್ಮ ಅತ್ತೆಗೆ ಸೆಲ್ಯೂಟು ಹೊಡೆದರು. ಅತ್ತೆ ಸೆರಗು ಸರಿಪಡಿಸಿಕೊಂಡು ನನ್ನ ಕಡೆ ನೋಡಿದರು.

"ಕಳ್ಸಮ್ಮಿ. ಓಗಿ ಬರ್ಲಿ."

ಪಮ್ಮಿ ಹೋದಳು. ಮೇ ತಿಂಗಳು ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಮಂಡ್ಯದ ಸೆಕೆಯಲ್ಲಿ ನಾವು ಬೀಸಣಿಗೆ ಹಿಡಿದು ಕುಳಿತಿದ್ದರೆ ಅತ್ತೆ ಮಾತ್ರ ಸೆರಗು ಹೊದ್ದುಕೊಂಡು, ಈಗ ಅಲ್ಲಿ ಎಷ್ಟು ಚಳಿಯಿರಬಹುದೆಂದು ಲೆಕ್ಕ ಹಾಕುತ್ತಿದ್ದರು. ಡೆಲ್ಲಿಯ ಆಪರೇಟರುಗಳಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ನನಗೆ ಒಂದೇ ಒಂದು ಸಲ ಸುದ್ದಿ ಬಂತು: ಮಕ್ಕಳೆಲ್ಲ ಕ್ಷೇಮ, ಮೇಲಕ್ಕೆ ಹೊರಟಿದ್ದಾರೆ.

ರೈಲು ಬರುವ ದಿನ ನಸುಕಿಗೇ ಎದ್ದು ಸ್ಟೇಷನ್ನಿಗೆ ಹೋದೆವು. ಮೂಗಿನ ಚರ್ಮ ಸುಲಿದು, ಮುಖ ಕಪ್ಪಾಗಿ, ಕಣ್ಣು ಮಾತ್ರ ಹೊಳೆಯುತ್ತಿದ್ದ ಹುಡುಗಿಯೊಬ್ಬಳು ಚೀಲ ಎಳೆದುಕೊಂಡು ಇಳಿದಳು. ನಾನು ಗುರುತು ಹಿಡಿಯುವ ಮೊದಲೇ ಅತ್ತೆ ಅವಳ ಬಳಿ ತಲುಪಿದ್ದರು. ಊಟ ಹೇಗಿತ್ತು, ಪ್ರಯಾಣ ಹೇಗಿತ್ತು, ಒಂದೂ ಕೇಳಲಿಲ್ಲ.

"ಚಳಿ ಆಯ್ತೇನ್ ಮಗ?"

"ಚಳಿಯಾ? ಸೆಕೆ ಕಣಜ್ಜಿ! ಗುಂಡಿ ಬಿಚ್ಕೊಂಡ್ ಮಲಗ್ತಿದ್ದೆ!"

ಜೊತೆಗೆ ಬಂದಿದ್ದ ಮೇಷ್ಟರು ಉಳಿದದ್ದನ್ನು ಹೇಳಿದರು. ಮೊದಲ ದಿನ ಬೇರೆ ಮಕ್ಕಳು ಈ ಕರಿ ಚೀಲವನ್ನು ನೋಡಿ "ಮೇ ಮೇ" ಎಂದು ಕುರಿಯ ಹಾಗೆ ಅರಚಿದರಂತೆ. ಎತ್ತರದ ಬಿಡಾರದಲ್ಲಿ ಹಸಿ ಮಂಜು ಬಿದ್ದು ಡೇರೆ ಸೋರಿತು. ಹತ್ತಿ ತುಂಬಿದ ಚೀಲಗಳೆಲ್ಲ ನೆನೆದು ಮುದ್ದೆಯಾದವು. ಕಣ್ಣು ಮುಚ್ಚದ ಮಕ್ಕಳು ಬೆಳಗಾಗುವಷ್ಟರಲ್ಲಿ ಕಂಗಾಲು. ಪಮ್ಮಿಯ ಚೀಲ ಹೊರಗೆ ನೆನೆದಿತ್ತು, ಒಳಗೆ ಬೆಚ್ಚಗೇ ಇತ್ತು. ಸುಖವಾಗಿ ನಿದ್ದೆ ಮಾಡಿ ಎದ್ದವಳು, ಹೆಚ್ಚು ನಡುಗುತ್ತಿದ್ದ ಹುಡುಗಿಯನ್ನು ತನ್ನ ಚೀಲದೊಳಗೆ ಮಲಗಿಸಿ ಗುಂಡಿ ಹಾಕಿ, ತಾನು ಬೆಟ್ಟದ ತುದಿಗೆ ಹತ್ತಿಯೇ ಹತ್ತಿದಳು. ಅವತ್ತು ಮೇಲೆ ಮುಟ್ಟಿದ ಹೆಣ್ಣುಮಕ್ಕಳಲ್ಲಿ ಇವಳೇ ಚಿಕ್ಕವಳು. ಇವಳು ಇಳಿದು ಬಂದಾಗ ಆ ಹುಡುಗಿ ಇನ್ನೂ ಚೀಲದಲ್ಲೇ ನಿದ್ದೆಯಲ್ಲಿದ್ದಳು, ಕೆನ್ನೆ ಕೆಂಪಾಗಿತ್ತು.

ಅತ್ತೆ ಕೇಳಿಸಿಕೊಂಡರು. ಆ ಹುಡುಗಿಯ ವಿಷಯ ಬಂದಾಗ ಪ್ಲಾಟ್‌ಫಾರಮ್ಮಿನ ಕಂಬದ ಕಡೆಗೆ ತಿರುಗಿ, ಸೆರಗಿನಿಂದ ಮುಖ ಒರೆಸಿಕೊಂಡರು. ಮತ್ತೆ ಈ ಕಡೆ ತಿರುಗಿದವರೇ, ದಾರಿಯಲ್ಲಿ ಹೋಗುತ್ತಿದ್ದ ಕೂಲಿಯವನನ್ನು ತಡೆದು ಇಡೀ ಸ್ಟೇಷನ್ನಿಗೆ ಕೇಳುವಂತೆ ಹೇಳಿದರು: "ನೋಡಪ್ಪಾ, ಇವ್ಳು ನನ್ ಮೊಮ್ಮಗ್ಳು. ಇಮಾಲಯ ಅತ್ತಿ ಬಂದವ್ಳೆ. ನಾನ್ ಒಲ್ದಿರೋ ಚೀಲ್ದಲ್ಲಿ ಮಲ್ಗಿ!"

ಮುಂದಿನ ವರ್ಷ ಶಿಬಿರಕ್ಕೆ ಆಯ್ಕೆಯಾದ ಮಕ್ಕಳು ಅಳತೆ ಕೊಡಲು ನಮ್ಮ ಮನೆಗೇ ಬಂದರು. ಅತ್ತೆ ಒಬ್ಬೊಬ್ಬರನ್ನೂ ಕಂಬಳಿಯ ಮೇಲೆ ಮಲಗಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಗೆರೆ ಎಳೆಯುತ್ತಾ, ಕೇಳಿದವರಿಗೂ ಕೇಳದವರಿಗೂ ಕೆಂಪಿಯ ವಿಷಯ ಹೇಳುತ್ತಿದ್ದರು; ಅವಳು ಎಷ್ಟು ಚುರುಕು, ಎಷ್ಟು ಜೋರು, ಈಚಲ ಮರವನ್ನೂ ಹೇಗೆ ಹತ್ತುತ್ತಿದ್ದಳು ಎಂದು. ಸತ್ತದ್ದನ್ನು ಬಿಟ್ಟು ಅವಳು ಬದುಕಿದ್ದನ್ನು ಹೇಳಲು ಅವರಿಗೆ ಕೊನೆಗೂ ಬಾಯಿ ಬಂದಿತ್ತು.

ಇದನ್ನೆಲ್ಲ ಬರೆಯುತ್ತಾ ಕುಳಿತವಳಿಗೆ ನಿನ್ನೆ ಒಂದು ವಿಷಯ ತಟ್ಟನೆ ಹೊಳೆಯಿತು. ಪಮ್ಮಿ ಈಗ ನಿವೃತ್ತಳಾಗಿ ಮೈಸೂರಿನಲ್ಲಿದ್ದಾಳೆ. ಪ್ರತಿ ಬೇಸಿಗೆಯಲ್ಲೂ ಗೆಳತಿಯರ ಗುಂಪು ಕಟ್ಟಿಕೊಂಡು ಬೆಟ್ಟದ ಕಡೆ ಹೋಗುತ್ತಾಳೆ, ಪ್ರತಿ ಸಲವೂ ನನ್ನನ್ನು ಕರೆಯುತ್ತಾಳೆ. ನಾನು ಒಂದು ವರ್ಷ ಮಂಡಿನೋವು ಎನ್ನುತ್ತೇನೆ, ಇನ್ನೊಂದು ವರ್ಷ ಉಪ್ಪಿನಕಾಯಿ ಹಾಕಬೇಕು ಎನ್ನುತ್ತೇನೆ. ಎಲ್ಲರನ್ನೂ ಎಲ್ಲೆಲ್ಲಿಗೋ ಸಿಕ್ಕಿಸಿಕೊಟ್ಟ ನಾನು ಇಷ್ಟು ವಯಸ್ಸಾದರೂ ಒಂದು ಹಿಡಿ ಮಂಜನ್ನು ಮುಟ್ಟಿ ನೋಡಿದವಳಲ್ಲ.

ಪೆನ್ನು ಮುಚ್ಚಿಟ್ಟು ಫೋನು ಮಾಡಿದೆ.

"ಈ ಸಲ ನಾನೂ ಬತ್ತೀನಿ ಕಣೆ."

"ನಿಜವಾಗ್ಲೂ ಅವ್ವ? ಅಲ್ಲಿ ಏನ್ ಚಳಿ ಗೊತ್ತಾ?"

"ಗೊತ್ತಿಲ್ಲ. ಅದಕ್ಕೇ ಬತ್ತೀನಿ ಅಂದದ್ದು. ಟಿಕೇಟು ತೆಗ್ಸು" ಎಂದೆ. "ಕಿಟಕಿ ಪಕ್ಕದ್ದು."